ತಾಡನೆಯೂ ತಾಯಂದಿರ ಹೊರೆಯೂ

ಮಕ್ಕಳನ್ನು ಹೊಡೆಯದೆ ಬೆಳೆಸಬೇಕೆಂದು ಹೇಳುವುದು ಸುಲಭ. ಹೇಳುವವರು ಬಹುಮಟ್ಟಿಗೆ ಹೊಟ್ಟೆ ತುಂಬಿದವರು. ಕೇಳಬೇಕಾದವಳು ಹೊತ್ತು ಮೂಡುವ ಮೊದಲೆದ್ದು ನೀರು ಹೊತ್ತು, ದುಡಿದು ದಣಿದು, ಕತ್ತಲಾದ ಮೇಲೆ ಒಲೆ ಹೊತ್ತಿಸುವ ತಾಯಿ. ಆಕೆಗೆ ಉಪದೇಶ ಮಾಡುವವರು ಆಕೆಯ ಅನುಭವವನ್ನೂ ಕೇಳಬೇಕಾದುದು ನ್ಯಾಯ. ಹಾಗೆ ಕೇಳಿದ ಒಂದು ಪ್ರಯತ್ನದ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕ ಸೋದರಿಯರ ಮುಂದಿಡುತ್ತೇವೆ.

ಈಸ್ಟರ್ನ್ ಕೇಪ್ ಎಂಬುದು ದಕ್ಷಿಣ ಆಫ್ರಿಕದ ಅತಿ ಬಡ ಪ್ರಾಂತಗಳಲ್ಲೊಂದು. ಅಲ್ಲಿಯ ಗಂಡಸರು ತಲೆಮಾರುಗಳಿಂದ ಗಣಿಗಳಿಗೂ ದೂರದ ನಗರಗಳಿಗೂ ದುಡಿಯಹೋದವರು. ಏಡ್ಸ್ ರೋಗವು ಎಷ್ಟೋ ಮನೆಗಳಲ್ಲಿ ನಡುಪ್ರಾಯದವರನ್ನೇ ಕೊಂಡೊಯ್ದಿತು. ಆದುದರಿಂದ ಮಕ್ಕಳ ಭಾರವು ತಾಯಂದಿರ ಮೇಲೆ, ಅವರಿಲ್ಲದ ಕಡೆ ಅಜ್ಜಿಯರ ಮೇಲೆ ಬಿದ್ದಿತು. ಈ ಪ್ರಾಂತದ 40 ಹಳ್ಳಿ ಹಾಗೂ ಬಡಾವಣೆಗಳಲ್ಲಿ, ಹದಿಹರೆಯದ ಮಕ್ಕಳುಳ್ಳ 552 ಕುಟುಂಬಗಳೊಡನೆ, ಆಕ್ಸ್‌ಫರ್ಡ್ ಮತ್ತು ಕೇಪ್‌ಟೌನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಒಂದು ಪರೀಕ್ಷೆ ನಡೆಸಿ, ಅದರ ಫಲವನ್ನು 2018ರಲ್ಲಿ ಪ್ರಕಟಿಸಿದರು. ಅದರ ಹೆಸರು ‘ಸಿನೊವುಯೊ’. ಖೋಸಾ ನುಡಿಯಲ್ಲಿ ‘ನಮಗೆ ಸಂತೋಷವಿದೆ’ ಎಂದರ್ಥ.

ಅರ್ಧದಷ್ಟು ಊರುಗಳಲ್ಲಿ 14 ವಾರಗಳ ಪಾಠ ನಡೆಯಿತು. ಪಾಠವೆಂದರೆ ಹಲಗೆಯ ಮುಂದೆ ನಿಂತು ಮಾಡಿದ ಉಪನ್ಯಾಸವಲ್ಲ. ತರಬೇತಿ ಪಡೆದ ಸ್ಥಳೀಯರೇ ನಡೆಸಿದ ಆ ಕೂಟಗಳಲ್ಲಿ ದೊಡ್ಡವರೂ ಮಕ್ಕಳೂ ಕೂಡಿ ಕುಳಿತರು. ಮಕ್ಕಳೊಡನೆ ಕೆಲವು ಹೊತ್ತು ನಿಶ್ಚಿಂತೆಯಾಗಿ ಕಳೆಯುವುದು, ಒಳ್ಳೆಯ ಕೆಲಸವನ್ನು ಕಂಡಾಗ ಬಾಯಿಬಿಟ್ಟು ಮೆಚ್ಚುವುದು, ಕೋಪ ಬಂದಾಗ ಒಂದು ಗಳಿಗೆ ತಡೆಯುವುದು, ಮನೆಯ ಕಟ್ಟಳೆಗಳನ್ನು ಕೂಡಿಯೇ ಗೊತ್ತುಮಾಡುವುದು, ಇವೇ ಅಲ್ಲಿಯ ವಿಷಯಗಳು. ಬರಲಾರದವರ ಮನೆಗೆ ಪಾಠವೇ ನಡೆದುಹೋಗುತ್ತಿತ್ತು. ಇವುಗಳ ಜೊತೆಗೆ ಇನ್ನೊಂದು ವಿಷಯವೂ ಇದ್ದಿತು. ನಮ್ಮ ಗಮನವನ್ನು ವಿಶೇಷವಾಗಿ ಸೆಳೆದುದು ಅದೇ. ಮನೆಯ ಆಯವ್ಯಯವನ್ನು ಮಕ್ಕಳನ್ನೂ ಕೂರಿಸಿಕೊಂಡು ಲೆಕ್ಕ ಹಾಕುವುದು, ಕೈಲಾದಷ್ಟು ಉಳಿಸುವುದು.

ಹೊಡೆತಕ್ಕೂ ಲೆಕ್ಕಕ್ಕೂ ಏನು ಸಂಬಂಧವೆಂದು ಕೇಳಬಹುದು. ತಿಂಗಳ ಕೊನೆಯಲ್ಲಿ ಹಿಟ್ಟಿನ ಡಬ್ಬಿ ಬರಿದಾಗಿರುವಾಗ ಮಗನು ಹೊಸ ಪಾದರಕ್ಷೆ ಕೇಳಿದರೆ, ತಾಯಿಯ ಕೈ ಮೇಲೇಳುವುದು ಮಗನ ಮೇಲಣ ದ್ವೇಷದಿಂದಲ್ಲ, ತನ್ನ ಅಸಹಾಯತೆಯಿಂದ. ಮನೆಯ ಸ್ಥಿತಿಯನ್ನು ಮಗನೂ ಅರಿತರೆ ಕೇಳುವ ರೀತಿ ಬದಲಾಗುವುದು. ಉತ್ತರಿಸುವ ರೀತಿಯೂ ಬದಲಾಗುವುದು.

ಪಾಠ ಮುಗಿದು ತಿಂಗಳುಗಳಾದ ಮೇಲೆ ವಿಚಾರಿಸಿದಾಗ, ತಾಯಂದಿರೂ ಅಜ್ಜಿಯರೂ ತಮ್ಮ ಮನೆಗಳಲ್ಲಿ ಹೊಡೆತ ಬಹಳ ಕಡಿಮೆಯಾಯಿತೆಂದರು. ಮನಸ್ಸಿನ ಕುಗ್ಗು ತಗ್ಗಿತೆಂದೂ, ಮಕ್ಕಳ ಪೋಷಣೆಯ ಆಯಾಸ ಹಗುರವಾಯಿತೆಂದೂ, ಕಷ್ಟಕ್ಕೆ ಆಗುವವರು ಹೆಚ್ಚಿದರೆಂದೂ ಹೇಳಿದರು. ಆ ಕುಟುಂಬಗಳ ಹಣಕಾಸೂ ಸುಧಾರಿಸಿತ್ತು. ಒಂಟಿಯಾಗಿ ಹೊತ್ತ ಹೊರೆಯನ್ನು ಹತ್ತು ಮಂದಿಯ ನಡುವೆ ಇಳಿಸಿದವಳಿಗೆ ತಾಳ್ಮೆ ತಾನಾಗಿ ಬರುವುದರಲ್ಲಿ ಆಶ್ಚರ್ಯವೇನು?

ಆದರೆ ಈ ವೃತ್ತಾಂತಕ್ಕೆ ಇನ್ನೊಂದು ಮುಖವಿದೆ; ಅದನ್ನು ಮರೆಮಾಚುವುದು ಸಲ್ಲದು. ಮಕ್ಕಳನ್ನೂ ಪ್ರತ್ಯೇಕವಾಗಿ ಕೇಳಲಾಗಿತ್ತು. ಹೊಡೆತದ ವಿಷಯದಲ್ಲಿ ಅವರ ಉತ್ತರಗಳಲ್ಲಿ ಅಂತಹ ಸ್ಪಷ್ಟವಾದ ಇಳಿಕೆ ಕಾಣಲಿಲ್ಲ. ತಾಯಂದಿರು ಸುಳ್ಳಾಡಿದರೆಂದು ಇದರಿಂದ ನಿರ್ಣಯಿಸುವುದು ತಪ್ಪು. ಹೊಡೆದ ಕೈಗೆ ಹತ್ತರಲ್ಲಿ ಐದು ಕಳೆದುದು ದೊಡ್ಡದಾಗಿ ಕಾಣಬಹುದು; ಬೆನ್ನಿಗೆ ಉಳಿದ ಐದೇ ನೆನಪಿರಬಹುದು. ಮನೆಯ ಶಾಂತಿಯನ್ನು ಅಳೆಯುವಾಗ ಅತಿ ಕಿರಿಯನ ಮಾತನ್ನೂ ಕೇಳಬೇಕೆಂಬುದೇ ಇದರಿಂದ ನಾವು ಕಲಿಯಬೇಕಾದ ನೀತಿ.

ಬಾಲ್ಯದಲ್ಲಿ ಲಾಲನೆ, ಆಮೇಲೆ ಹತ್ತು ವರ್ಷ ತಾಡನೆ, ಹದಿನಾರು ತುಂಬಿದೊಡನೆ ಮೈತ್ರಿ ಎಂದು ವಿಧಿಸುವ ಸಂಸ್ಕೃತ ಸುಭಾಷಿತವನ್ನು ನಮ್ಮ ಹಿರಿಯರು ಆಗಾಗ ಹೇಳುವುದುಂಟು. ಹತ್ತು ವರ್ಷ ಪೆಟ್ಟು ತಿಂದವನು ಹದಿನಾರನೆಯ ಹುಟ್ಟುಹಬ್ಬದ ಬೆಳಗ್ಗೆ ಮಿತ್ರನಾಗಿ ಎದ್ದುಬರುವನೆಂಬ ಭರವಸೆ ನಮಗಿಲ್ಲ. ಶಾಲೆಯಲ್ಲಿ ನಾವು ಕಂಡ ಮಟ್ಟಿಗೆ, ಮನೆಯಲ್ಲಿ ಪೆಟ್ಟು ತಿಂದು ಬಂದ ಬಾಲಕನು ಗುರುವಿನ ಕೈಯನ್ನು ನೋಡುವನಲ್ಲದೆ ಬಾಯನ್ನು ನೋಡನು. ಮೈತ್ರಿಯ ಬೀಜವನ್ನು ಮೊದಲೇ ಬಿತ್ತಬೇಕು.

2019ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು, ಶಿಸ್ತಿಗಾಗಿ ಮಿತವಾಗಿ ಹೊಡೆದೆವೆಂಬ ತಂದೆತಾಯಿಗಳ ಸಮರ್ಥನೆಯನ್ನು ತಳ್ಳಿಹಾಕಿತು. ತೀರ್ಪು ಧರ್ಮಸಮ್ಮತವಾದುದೇ. ಆದರೆ ಕಾನೂನು ಕೈಯನ್ನು ತಡೆಯಬಲ್ಲದು, ಹೊರೆಯನ್ನು ಇಳಿಸಲಾರದು. ಬಡತಾಯಿಗೆ ಬುದ್ಧಿ ಹೇಳಹೊರಡುವವರು ಒಂದು ಕೈಯಲ್ಲಿ ಉಪದೇಶವನ್ನು ಹಿಡಿದಿದ್ದರೆ, ಇನ್ನೊಂದು ಕೈಯನ್ನು ಆಕೆಯ ಹೊರೆಗೆ ಕೊಡಲಿ. ಆಗ ಮಾತ್ರ ಆ ಉಪದೇಶಕ್ಕೆ ಬೆಲೆಯುಂಟು.