ಆರು ವರ್ಷದೊಳಗಿನ ನಮ್ಮ ಕೂಸುಗಳು ಯಾರ ಲೆಕ್ಕದಾಗ ಅದಾವ?

ಪೋಸ್ಟ್ ಸ್ವಲ್ಪ ಉದ್ದ ಅದ, ತಾಳ್ಮೆಯಿಂದ ಓದ್ರಿ.

ನಮ್ಮ ಸಭೆಗಳಲ್ಲಿ ಮೀಸಲಾತಿ, ಒಳಮೀಸಲಾತಿ, ಭೂಮಿ, ಹಾಸ್ಟೆಲ್, ದೌರ್ಜನ್ಯ ಕೇಸು ಎಲ್ಲಾ ಚರ್ಚೆ ಆಗ್ತದ. ಆಗಲೇಬೇಕು. ಆದರೆ ಸಭೆ ಮುಗಿದು ಚಹಾ ಕುಡಿಯೋ ಹೊತ್ತಿಗೆ, ಬಗಲಾಗ ಕೂಸು ಎತ್ತಿಕೊಂಡು ಬರೋ ಹೆಣ್ಣುಮಕ್ಕಳು ಕೇಳೋ ಪ್ರಶ್ನೆಗಳೇ ಬೇರೆ. ಬೀದರ್ ಶಹರದ ಓಣಿ ಇರಲಿ, ಭಾಲ್ಕಿ, ಔರಾದ್ ಕಡೆಯ ಹಳ್ಳಿ ಇರಲಿ, ಪ್ರಶ್ನೆ ಅವೇ.

"ಅಣ್ಣಾ, ಆರು ತಿಂಗಳು ತುಂಬ್ಯಾವ, ಬರೇ ಎದಿ ಹಾಲು ಸಾಕಾಗ್ತದೋ ಇಲ್ಲೋ?"

"ಸೂಜಿ ಮಾಡಿಸಿದ ಮ್ಯಾಲ ರಾತ್ರಿ ಎಲ್ಲಾ ಕೂಸಿನ ಮೈ ಸುಡ್ಲತಿತ್ತು. ಮುಂದಿನ ಸೂಜಿ ಬಿಟ್ರ ನಡೀತದ?"

"ನಾವು ದುಡೀಲಿಕ್ಕ ಪುಣೆಕ್ಕ ಹೋದಾಗ ಹುಟ್ಟ್ಯಾಳ್ರಿ. ಜನನ ದಾಖಲೆ ಈಗ ಎಲ್ಲಿ ಮಾಡಿಸಬೇಕು?"

"ಅಂಗನವಾಡಿ ಊರೊಳಗ ಅದ. ನಮ್ಮ ಕೇರಿಯಿಂದ ಮೂರು ವರ್ಷದ ಪೋರಿನ್ನ ಒಬ್ಬಾಕಿನ್ನೇ ಹ್ಯಾಂಗ ಕಳಸ್ಲಿ?"

ಇವು ಮೈಕಿಗೆ ಬರಲ್ಲ. ಮನೆ ವಿಷಯ, ಹೆಣ್ಮಕ್ಕಳ ವಿಷಯ ಅಂತ ಬದಿಗೆ ಸರೀತಾವ. ನಾನು ಹೇಳೋದು ಇಷ್ಟೇ: ಇವೆಲ್ಲಾ ಅಪ್ಪಟ ರಾಜಕೀಯ ಪ್ರಶ್ನೆಗಳು. ಯಾಕಂದ್ರೆ ಉತ್ತರ ಗೊತ್ತಿದ್ದರೂ ಅದರಂತೆ ನಡೆಯೋ ಅನುಕೂಲ ಎಲ್ಲರ ಮನೆಯಲ್ಲಿ ಇಲ್ಲ.

ಮೊದಲನೇ ಪ್ರಶ್ನೆಯನ್ನೇ ತಗೊಳ್ರಿ. ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ, ನೀರೂ ಬೇಡ. ಆರು ತುಂಬಿದ ಮೇಲೆ ಮೆತ್ತಗೆ ಬೇಯಿಸಿದ ಅನ್ನ-ಬ್ಯಾಳಿ, ನುಚ್ಚು, ಬಾಳೆಹಣ್ಣು, ತತ್ತಿ. ಜೊತೆಗೆ ಎರಡು ವರ್ಷದವರೆಗೂ, ಆಮೇಲೂ, ಎದೆಹಾಲು. ಯಾವ ಡಾಕ್ಟರನ್ನ ಕೇಳಿದರೂ ಇದನ್ನೇ ಹೇಳ್ತಾರೆ. ಆದರೆ ಹೆರಿಗೆಯಾಗಿ ನಲವತ್ತು ದಿನಕ್ಕೆ ಕಬ್ಬು ಕಡಿಯೋಕೆ, ಇಟ್ಟಿಗೆ ಹೊರೋಕೆ ಹೋಗಬೇಕಾದ ತಾಯಿ ಆರು ತಿಂಗಳು ಹಾಲು ಹ್ಯಾಂಗ ಕುಡಿಸಬೇಕು? ಮುಕಾದಮ್ ಹತ್ತಿರ ಮುಂಗಡ ತಗೊಂಡಾಗಿದೆ. ಕೂಸು ಗಿಡದ ನೆಳ್ಳಾಗ ಸೀರೆ ಜೋಳಿಗೆಯಲ್ಲಿ ಮಲಗಿರ್ತದ. ಆಕೆಗೆ ಬೇಕಾದದ್ದು ಉಪದೇಶ ಅಲ್ಲ, ಸಂಬಳ ಸಹಿತ ರಜೆ.

ರಜೆ ಯಾರಿಗೆ ಸಿಗ್ತದ ನೋಡ್ರಿ. ನಾನು ಗುಮಾಸ್ತಗಿರಿ ಮಾಡೋನು, ರಜೆ ಅರ್ಜಿಗಳು ನನ್ನ ಮೇಜಿನ ಮೇಲೆ ಬಂದೇ ಹೋಗ್ತಾವ. ಸರ್ಕಾರಿ ನೌಕರಳಿಗೆ 180 ದಿನ ಹೆರಿಗೆ ರಜೆ ಇದೆ, 2021ರಿಂದ ಮಕ್ಕಳ ಪಾಲನೆಗೆ ಬೇರೆ ರಜೆಯೂ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು 26 ವಾರ ಮಾಡಿದರು. ಒಳ್ಳೇದೇ ಆಯ್ತು. ಆದರೆ ನಮ್ಮ ಕೇರಿಯ ಕೂಲಿ ಹೆಣ್ಣುಮಗಳ ಕೈಗೆ ಬರೋದು ಮಾತೃವಂದನಾ ಹಣ ಮಾತ್ರ. ಮೊದಲ ಕೂಸಿಗೆ 5,000 ರೂಪಾಯಿ, ಎರಡನೇದು ಹೆಣ್ಣಾದರೆ 6,000. ಎರಡನೇದು ಗಂಡಾದರೆ ಸೊನ್ನೆ, ಮೂರನೇದಕ್ಕೆ ಸೊನ್ನೆ. 2013ರ ಆಹಾರ ಭದ್ರತಾ ಕಾಯ್ದೆ ಏನು ಹೇಳ್ತದ? ಪ್ರತಿ ಗರ್ಭಿಣಿ, ಬಾಣಂತಿಗೆ 6,000 ರೂಪಾಯಿಗೆ ಕಡಿಮೆ ಇಲ್ಲದಂತೆ ಕೊಡಬೇಕು ಅಂತ. ಕಾಯ್ದೆ ಮಾಡಿದವರೇ ಕಾಯ್ದೆಗಿಂತ ಕಡಿಮೆ ಕೊಟ್ಟರೆ ಅದಕ್ಕ ಏನಂತ ಹೆಸರಿಡೋಣ?

ಇದು ಹೊಸ ಜಗಳ ಅಲ್ಲ. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅದರ ಪರವಾಗಿ ಎದ್ದು ನಿಂತವರು ಬಾಬಾಸಾಹೇಬರು. ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತದ ಮಾತು, ಅದರ ಭಾರದಲ್ಲಿ ದೊಡ್ಡ ಪಾಲು ಸರ್ಕಾರ ಹೊರಬೇಕು ಅಂದರು. ಮರುವರ್ಷ, 1929ರಲ್ಲಿ, ಆ ಕಾಯ್ದೆ ಬಂತು. ಹಂಗ ಮಾತಾಡಿದವರು ಐದು ಮಕ್ಕಳಲ್ಲಿ ನಾಲ್ವರನ್ನ ಮಣ್ಣು ಮಾಡಿದ ತಂದೆ. ರಮೇಶ, ಗಂಗಾಧರ, ಇಂದು, ಕೊನೆಗೆ 1926ರಲ್ಲಿ ರಾಜರತ್ನ. ಉಳಿದದ್ದು ಯಶವಂತರು ಒಬ್ಬರೇ. ರಮಾಬಾಯಿ ತಾಯಿಯ ತ್ಯಾಗದ ಬಗ್ಗೆ ನಾವು ಭಾಷಣ ಮಾಡ್ತೀವಿ. ಆ ತ್ಯಾಗದೊಳಗ ಎಳೆ ಕೂಸುಗಳ ಸಾವೂ ಅದ ಅನ್ನೋದು ನೆನಪಿರಲಿ.

ಇನ್ನು ಅಂಗನವಾಡಿ. ನಮ್ಮ ಸಂವಿಧಾನದ ಮೂಲ 45ನೇ ವಿಧಿ, 14 ವರ್ಷ ತುಂಬುವವರೆಗೆ ಎಲ್ಲಾ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಅಂತ ಹೇಳಿತ್ತು. ಎಷ್ಟನೇ ವರ್ಷದಿಂದ ಅಂತ ಗೆರೆ ಹಾಕಿರಲಿಲ್ಲ, ಹಾಲುಗಲ್ಲದ ಕೂಸೂ ಅದರೊಳಗೆ ಇತ್ತು. 2002ರ 86ನೇ ತಿದ್ದುಪಡಿ ಶಿಕ್ಷಣವನ್ನ ಮೂಲಭೂತ ಹಕ್ಕು ಮಾಡ್ತು, ಆದರೆ 6ರಿಂದ 14ಕ್ಕೆ ಮಾತ್ರ. ಆರರೊಳಗಿನವರಿಗೆ ಸರ್ಕಾರ 'ಪ್ರಯತ್ನಿಸತಕ್ಕದ್ದು' ಅಂತ ಉಳೀತು. ಪ್ರಯತ್ನಕ್ಕೆ ಕೋರ್ಟಿನಲ್ಲಿ ಕೇಸು ಹಾಕೋಕಾಗಲ್ಲ. ರೊಕ್ಕ ಇದ್ದವರು ಮೂರು ವರ್ಷಕ್ಕೆ ಕೂಸಿನ್ನ ಕಾನ್ವೆಂಟ್ ವ್ಯಾನ್ ಹತ್ತಿಸ್ತಾರೆ. ನಮ್ಮ ಕೂಸು ಆರಕ್ಕೆ ಒಂದನೇತ್ತಿಗೆ ಬರೋ ಹೊತ್ತಿಗೆ ಮೂರು ವರ್ಷ ಹಿಂದ ಬಿದ್ದಿರ್ತದ. ಆಮೇಲೆ 'ಮೆರಿಟ್ ಇಲ್ಲ' ಅಂತಾರ. ಮೆರಿಟ್ ಕಳವಾಗೋದು ಪಿಯುಸಿಯಲ್ಲಿ ಅಲ್ಲ, ಆರು ವರ್ಷದೊಳಗೇ.

ಹಕ್ಕು ಪೂರ್ತಿ ಇಲ್ಲ ಅಂತಲ್ಲ. 2006ರ ಡಿಸೆಂಬರ್ 13ರಂದು ಆಹಾರದ ಹಕ್ಕಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಅಂಗನವಾಡಿ ತೆರೆಯುವಾಗ ಎಸ್‌ಸಿ, ಎಸ್‌ಟಿ ವಸತಿಗಳಿಗೆ ಆದ್ಯತೆ ಕೊಡಬೇಕು. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ ಅಥವಾ ಸ್ಲಂನ ಜನ ಕೇಳಿದರೆ 3 ತಿಂಗಳೊಳಗೆ ಕೊಡಬೇಕು. ನಮ್ಮ ಎಷ್ಟು ಕೇರಿಗಳಲ್ಲಿ, ಎಷ್ಟು ತಾಂಡಾಗಳಲ್ಲಿ ಈ ಆದೇಶ ಹಿಡಿದು ಅರ್ಜಿ ಕೊಟ್ಟಿದ್ದಾರೆ?

ಅಂಗನವಾಡಿ ಇದ್ದಲ್ಲಿ ತಟ್ಟೆಯಲ್ಲಿ ಏನದ? ಆರು ತಿಂಗಳಿಂದ ಆರು ವರ್ಷದ ಕೂಸಿಗೆ 2017ರಲ್ಲಿ ಕೇಂದ್ರ ನಿಗದಿ ಮಾಡಿದ ಖರ್ಚು ದಿನಕ್ಕೆ 8 ರೂಪಾಯಿ. ಒಂದು ತತ್ತಿಗೆ ಎಷ್ಟಾಗ್ಯದ ಅಂತ ಅಂಗಡಿಯಾಗ ಕೇಳಿ ಬರ್ರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲ, ಶೇ 65ರಷ್ಟು ಕೂಸುಗಳಿಗೆ ರಕ್ತಹೀನತೆ. ಇಷ್ಟಾದರೂ 2021ರ ಡಿಸೆಂಬರ್‌ನಲ್ಲಿ ಬೀದರ್ ಸೇರಿ ನಮ್ಮ ಕಡೆಯ ಏಳು ಜಿಲ್ಲೆಗಳ ಶಾಲೆಗಳಲ್ಲಿ ತತ್ತಿ ಶುರು ಮಾಡಿದಾಗ ಕೆಲವು ಸ್ವಾಮಿಗಳು ಬ್ಯಾಡ ಅಂದರು. ಅವರ ಮಠದ ಊಟದ ತಟ್ಟೆಗೆ ನಾವು ಕೈ ಹಾಕಿಲ್ಲ. ನಮ್ಮ ಕೂಸಿನ ತಟ್ಟೆಗೆ ಅವರ್ಯಾಕ ಕೈ ಹಾಕಬೇಕು? ಎಳೆ ತಾಯಂದಿರಿಗೆ ನನ್ನದೊಂದು ಮಾತು: ತತ್ತಿ, ಮಾಂಸ ನಮ್ಮ ಮನೆಯ ಊಟ. ಮೆತ್ತಗೆ ಬೇಯಿಸಿ, ನುರಿಸಿ ಕೂಸಿಗೆ ತಿನ್ನಿಸೋಕೆ ಯಾರ ಮುಂದೂ ನಾಚಬ್ಯಾಡ್ರಿ.

ಎಲ್ಲಾ ತಾಯಿ ತಂದೆಗೂ ಕೂಸು ಹೆಜ್ಜೆ ಇಡೋಕೆ ಶುರು ಮಾಡಿದಾಗ ಒಂದು ಹೆದರಿಕೆ: ಎಲ್ಲಿ ಬೀಳ್ತದೋ ಅಂತ. ನಮ್ಮವರಿಗೆ ಎರಡನೇ ಹೆದರಿಕೆನೂ ಅದ: ಎಲ್ಲಿ ಒಳಗ ಹೋಗ್ತದೋ ಅಂತ. 2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ನಡೆದದ್ದು ನೆನಪಿದೆಯಲ್ಲ? ಹುಟ್ಟುಹಬ್ಬ ಅಂತ ಅಪ್ಪ-ಅವ್ವ ಹನುಮಪ್ಪನ ಗುಡಿ ಮುಂದೆ ಕೈ ಮುಗಿಯೋಕೆ ಕರಕೊಂಡು ಹೋದ ಎರಡು ವರ್ಷದ ಕೂಸು ಗುಡಿಯೊಳಗೆ ಓಡ್ತು. ಗುಡಿ ಶುದ್ಧಿ ಮಾಡೋಕೆ 25,000 ರೂಪಾಯಿ ಕೇಳಿದರು. ಆಮೇಲೆ ಕೇಸಾಯ್ತು, ಐವರ ಬಂಧನ ಆಯ್ತು. ಎರಡು ವರ್ಷದ ಕೂಸಿಗೆ ತನ್ನ ಜಾತಿ ಗೊತ್ತಿಲ್ಲ, ಹೊಸ್ತಿಲು ಗೊತ್ತಿಲ್ಲ. ಆದರೆ ಅದರ ಅವ್ವ ಅಪ್ಪ 'ಅಲ್ಲಿ ಹೋಗಬ್ಯಾಡ' ಅಂತ ಮೊದಲು ಕಲಿಸಬೇಕಾಗ್ತದ. ಪಾಲಕರ ಪುಸ್ತಕಗಳಲ್ಲಿ ಈ ಪಾಠ ಇಲ್ಲ. ನಮ್ಮ ಮನೆಗಳಲ್ಲಿ ಅದ.

ಹಂಗಾದರೆ ಮಾಡೋದು ಏನು? ನಮ್ಮ ಕೈಲಿ ಆಗುವಂಥ ಕೆಲಸ ಹೇಳ್ತೀನಿ.

1. ಕೇರಿಗೊಂದು ನೋಟ್‌ಬುಕ್ ಇಡ್ರಿ. ಆರು ವರ್ಷದೊಳಗಿನ ಕೂಸುಗಳೆಷ್ಟು, ತಾಯಿ ಕಾರ್ಡ್ ಯಾರಿಗಿದೆ, ಸೂಜಿ ಯಾರದು ಬಾಕಿ ಅಂತ ಬರೀರಿ. 40 ಮುಟ್ಟಿದ್ದೂ ಅಂಗನವಾಡಿ ಇಲ್ಲ ಅಂದ್ರ ಮೇಲೆ ಹೇಳಿದ ಆದೇಶದ ದಿನಾಂಕ ಹಾಕಿ ಸಿಡಿಪಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ರಿ. ಸ್ವೀಕೃತಿ ಇಲ್ಲದ ಅರ್ಜಿ ಅರ್ಜಿನೇ ಅಲ್ಲ.

2. ಜನನ ನೋಂದಣಿ 21 ದಿನದೊಳಗೆ ಆದರೆ ಶುಲ್ಕ ಇಲ್ಲ. ಕೂಸು ಎಲ್ಲಿ ಹುಟ್ಟಿತೋ ಅಲ್ಲೇ ಆಗಬೇಕು, ಪುಣೆಯಲ್ಲಿ ಹುಟ್ಟಿದರೆ ಪುಣೆಯಲ್ಲೇ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗ್ತದ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಪ್ರವೇಶ, ಆಧಾರ್ ಎಲ್ಲದಕ್ಕೂ ಜನ್ಮ ದಿನಾಂಕ, ಸ್ಥಳದ ಪುರಾವೆ ಈ ಪತ್ರವೇ. ದುಡಿಯೋಕೆ ಹೋಗೋ ಗರ್ಭಿಣಿಗೆ ಬಸ್ ಹತ್ತೋ ಮುಂಚೆನೇ ಇದನ್ನ ಹೇಳಿ ಕಳಸ್ರಿ.

3. ಲಸಿಕೆ ಬಿಡಬ್ಯಾಡ್ರಿ. 6, 10, 14ನೇ ವಾರದ ಸೂಜಿ ಆದಮೇಲೆ ಒಂದೆರಡು ದಿನ ಜ್ವರ ಬರೋದು ಸಾಮಾನ್ಯ. ಜ್ವರ ಇಳೀಲಿಲ್ಲ, ಕೂಸು ಹಾಲು ಬಿಟ್ಟಿತು ಅಂದ್ರ ಆಸ್ಪತ್ರೆಗೆ ಓಡ್ರಿ. 9 ತಿಂಗಳು ತುಂಬಿದ ಮೇಲಿನ ದಡಾರ-ರುಬೆಲ್ಲಾ ಮರೀಬ್ಯಾಡ್ರಿ.

4. ನರೇಗಾ ಕೂಲಿಕಾರರ ಮೂರು ವರ್ಷದೊಳಗಿನ ಕೂಸುಗಳಿಗೆ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ನಿಮ್ಮ ಪಂಚಾಯಿತಿಯಾಗ ಅದರ ಬಾಗಿಲು ತೆಗೆದದ ಇಲ್ಲೋ, ಗ್ರಾಮಸಭೆಯಲ್ಲಿ ಎದ್ದು ಕೇಳ್ರಿ.

5. ಅಂಗನವಾಡಿ ಅಕ್ಕ, ಆಶಾ ಅಕ್ಕನ ಜೊತೆ ಜಗಳ ಬ್ಯಾಡ. ಗೌರವಧನದ ಮೇಲೆ ದುಡಿಯೋ ಅವರೂ ಕೂಲಿಕಾರರೇ. ಆದರೆ ನಮ್ಮ ಕೂಸಿನ್ನ ಬೇರೆ ಕೂಡ್ರಿಸಿದರೆ, ಬೇರೆ ತಟ್ಟೆ ಇಟ್ಟರೆ ಬಿಡಬ್ಯಾಡ್ರಿ, ಬರಹದಲ್ಲಿ ದೂರು ಕೊಡ್ರಿ. ಶಾಲೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಮ್ಮವರು ಹೋಗೋದನ್ನ ತಡೆಯೋದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

6. ನಮ್ಮ ಸಭೆಗಳಲ್ಲಿ ಒಂದು ಮೂಲೆಗೆ ಚಾಪೆ ಹಾಸ್ರಿ, ಕೂಸುಗಳು ಆಡಲಿ. ಗಂಡಸರು ಸರದಿ ಮೇಲೆ ನೋಡಿಕೊಳ್ಳಲಿ. ಕೂಸು ಅತ್ತಿತು ಅಂತ ಒಬ್ಬ ತಾಯಿ ಎದ್ದು ಹೊರಗೆ ಹೋದರೆ ಆ ಸಭೆಯಲ್ಲಿ ಒಂದು ಓಟು ಕಡಿಮೆ ಆದಂಗ.

ಏಪ್ರಿಲ್ 14ಕ್ಕೆ ಡಿಜೆ, ಬ್ಯಾನರ್‌ಗೆ ಪಟ್ಟಿ ಎತ್ತುವಾಗ ಸ್ವಲ್ಪ ರೊಕ್ಕ ತೆಗೆದಿಟ್ಟು, ಕೇರಿಯಲ್ಲಿ ಕೂಸುಗಳ ತೂಕ ನೋಡೋ ತಕ್ಕಡಿ, ನಾಲ್ಕು ಚಿತ್ರದ ಪುಸ್ತಕ ತರಲಿ. ಇದನ್ನ ಯಾವ ಓಣಿಯವರು ಮೊದಲು ಮಾಡ್ತೀರಿ? ಕಮೆಂಟಿನಲ್ಲಿ ಊರ ಹೆಸರು ಬರೀರಿ. ನೋಟ್‌ಬುಕ್ಕಿನ ನಮೂನೆ, ಅರ್ಜಿಯ ನಮೂನೆ ನಾನು ಟೈಪ್ ಮಾಡಿ ಕಳಸ್ತೀನಿ.

ಜೈಭೀಮ್.