ಹಿತ್ತಲಿನ ಮರೆಗೆ ಜಾಲಿ ಕಂಬ ಸಾಕು

ಆಂಧ್ರದ ಕರ್ನೂಲು ಸೀಮೆಯ ಮದ್ದಿಕೇರದಂಥ ಊರಿನಲ್ಲಿ ಹಿತ್ತಲಿಗೊಂದು ಮರೆ ಬೇಕೆನ್ನುವುದು ಸೊಗಸಿನ ಮಾತಲ್ಲ, ಸ್ನಾನದ ಮಾತು. ಬಚ್ಚಲಿಲ್ಲದ ಮನೆಯ ಹೆಣ್ಣುಮಕ್ಕಳು ನಾಲ್ಕು ಕೋಲಿಗೆ ಹಳೇ ಸೀರೆ ಸುತ್ತಿ, ನಸುಕಿನಲ್ಲೇ ಎದ್ದು ಎರಕೊಳ್ಳಬೇಕು. ಪಕ್ಕದಲ್ಲೊಂದು ಮಾಳಿಗೆ ಎದ್ದರೆ ಆ ಸೀರೆಯೂ ಸಾಲದು. ಸ್ವಚ್ಛ ಭಾರತ ಯೋಜನೆ 2014ರಿಂದ ಮನೆಯ ಶೌಚಾಲಯಕ್ಕೆ 12,000 ರೂಪಾಯಿ ಕೊಡುತ್ತ ಬಂತು. ಸ್ನಾನದ ಮರೆಯನ್ನು ಕೇಳುವವರಿರಲಿಲ್ಲ. ಒಡಿಶಾದ ಗ್ರಾಮ ವಿಕಾಸ ಸಂಸ್ಥೆ 1992ರಲ್ಲಿ ಶುರುಮಾಡಿದ ಕೆಲಸದಲ್ಲಿ ಪ್ರತಿ ಮನೆಗೂ ಶೌಚಾಲಯದ ಜೊತೆ ಬಚ್ಚಲು ಇರಲೇಬೇಕೆಂದು ಹಟ ಹಿಡಿದಿತ್ತು. ಆ ಹಟ ಇಲ್ಲಿಗೂ ಬೇಕು.

ಕಾನೂನು ಮರೆ ಕಟ್ಟುವ ಭಾರವನ್ನು ಮನೆಯವರ ತಲೆಗೇ ಕಟ್ಟಿತ್ತು. ಈ ಸೀಮೆ ಮದರಾಸು ಆಧಿಪತ್ಯದಲ್ಲಿದ್ದ ಕಾಲ. ನೆರೆಯವನು ಹಿತ್ತಲ ಕಡೆ ಕಿಟಕಿ ತೆರೆದನೆಂದು ದಾವೆ ಹೂಡಲಾಗದು, ಬೇಕಿದ್ದವರು ತಮ್ಮ ಜಾಗದಲ್ಲಿ ಮರೆ ಕಟ್ಟಿಕೊಳ್ಳಲಿ ಎಂದು ಮದರಾಸು ಹೈಕೋರ್ಟು 1866ರಲ್ಲೇ ಹೇಳಿಬಿಟ್ಟಿತು. ಅಲಹಾಬಾದ್ ಹೈಕೋರ್ಟು 1888ರಲ್ಲಿ ಬೇರೆ ದಾರಿ ಹಿಡಿದು, ಮನೆಯ ಖಾಸಗಿತನವನ್ನು ರೂಢಿಯಿಂದ ಬಂದ ಹಕ್ಕೆಂದು ಒಪ್ಪಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ್ದು 2017ರ ಆಗಸ್ಟ್ 24ರಂದು. ದಿಲ್ಲಿಯಲ್ಲಿ ಗೆದ್ದ ಆ ಹಕ್ಕು ಹಿತ್ತಲಿಗೆ ಇಳಿಯಬೇಕಾದರೆ ಕಟ್ಟಿಗೆ ಬೇಕು, ಕೂಲಿ ಬೇಕು.

ಕಟ್ಟಿಗೆಗೆ ಬರವಿಲ್ಲ. ಕನ್ನಡದವರು ಬಳ್ಳಾರಿ ಜಾಲಿ ಎನ್ನುವ, ತೆಲುಗರು ಸರ್ಕಾರು ತುಮ್ಮ ಎನ್ನುವ ಮರ ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲವನ್ನೂ ನುಂಗಿ ನಿಂತಿದೆ. 1870ರ ದಶಕದಲ್ಲಿ ಅರಣ್ಯಾಧಿಕಾರಿ ಬೆಡ್ಡೋಮ್ ಬೇಡಿಕೆಯಂತೆ ಸರ್ಕಾರ ಇದರ ಬೀಜ ತರಿಸಿ, ಕಡಪ ಸೀಮೆಯ ಕಮಲಾಪುರದಲ್ಲಿ ಹಾಕಿಸಿತು. ಅಲ್ಲಿಂದ ಹಬ್ಬಿದ ಈ ಮರವನ್ನು ಜನ ಬೈದದ್ದೇ ಹೆಚ್ಚು; ಒಲೆಗೆ, ಇದ್ದಿಲಿಗೆ ಬಿಟ್ಟರೆ ಬಳಸಿದ್ದು ಕಡಿಮೆ. ಅದರ ಚೇಗು ಗಟ್ಟಿ, ಭಾರ. ನೆಲದಲ್ಲಿ ಬೇಗ ಕೊಳೆಯದು. ಸೊಟ್ಟ ಬೆಳೆಯುವುದರಿಂದ ಉದ್ದನೆ ಹಲಗೆ ಬಾರದು, ನಿಜ. ಕಂಬಕ್ಕೆ ಮಾತ್ರ ಹೇಳಿ ಮಾಡಿಸಿದಂತಿದೆ.

ಎಂಟಡಿಯ ಕಂಬವಾದರೆ ಎರಡಡಿ ನೆಲದೊಳಗೆ ಹೋಗಲಿ. ತೊಗಟೆಯನ್ನೂ ಹೊರಗಿನ ಬಿಳಿ ಭಾಗವನ್ನೂ ಕೆತ್ತಿ ತೆಗೆಯಬೇಕು. ಹುಳು ಮೊದಲು ಹೊಗುವುದು ಅಲ್ಲಿಗೇ. ಕಂಬ ಕೆಡುವುದು ಬುಡದಲ್ಲಲ್ಲ, ತೇವವೂ ಗಾಳಿಯೂ ಕೂಡುವ ನೆಲಮಟ್ಟದಲ್ಲಿ. ಆದ್ದರಿಂದ ಡಾಂಬರು ಬಳಿಯುವವರು ನೆಲದಿಂದ ಗೇಣು ಮೇಲಿನವರೆಗೂ ಬಳಿಯಲಿ. ಕುಣಿಗೆ ಗರಸು ತುಂಬಿ ಹಾರೆಯಿಂದ ದಮ್ಮಸು ಮಾಡಿದರೆ ನೀರು ಬಸಿದು ಹೋಗುತ್ತದೆ.

ಕಂಬಗಳ ನಡುವೆ ಬಿದಿರಿನ ತಡಿಕೆ ಆಗಬಹುದು, ಹತ್ತಿ ಕಟ್ಟಿಗೆಯ ತಟ್ಟಿಯೂ ಆಗಬಹುದು. ಕಟ್ಟಿಗೆಗೆ ಅಂಟಿದ ಒಣ ಕಾಯಿಗಳನ್ನು ಮೊದಲು ಕಿತ್ತು ಸುಡಬೇಕು. ಗುಲಾಬಿ ಕಾಯಿಕೊರಕ ಹುಳು ಮುಂದಿನ ಬೆಳೆಗೆ ಕಾದು ಕೂರುವುದು ಅದರೊಳಗೇ. ಒಲೆ ಇರುವ ಕಡೆಗೆ ಈ ತಟ್ಟಿ ಬೇಡ, ಕಿಡಿ ತಗುಲಿದರೆ ಉಳಿಯದು. ಆಷಾಢದ ಗಾಳಿಗೆ ತೀರಾ ಬಿಗಿಯಾಗಿ ಹೆಣೆದ ತಟ್ಟಿಯೇ ಮೊದಲು ಮಲಗುತ್ತದೆ. ಕಣ್ಣಿಗೆ ಕಾಣದಷ್ಟು, ಗಾಳಿ ನುಸುಳುವಷ್ಟು ಸಂದು ಬಿಟ್ಟು ಹೆಣೆಯಬೇಕು.

ಕಾಂಪೌಂಡ್ ಗೋಡೆಯೇ ಮೇಲು ಎನ್ನುವವರಿದ್ದಾರೆ. ಆದರೆ ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ತಳಪಾಯಕ್ಕೆ ದುಡ್ಡು ಸುರಿಯದೆ ಎಬ್ಬಿಸಿದ ಗೋಡೆ ಅದರ ಜೊತೆಗೇ ಸೀಳುತ್ತದೆ. ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಳೆ ಹೋಗುವ ಸಂಸಾರ ಆ ದುಡ್ಡು ಎಲ್ಲಿಂದ ತಂದೀತು? ಕೈಯಲ್ಲಿ ಸ್ವಲ್ಪ ಕಾಸಿದ್ದವರು ಕಡಪ ಕಲ್ಲಿನ ಕಂಬ ನೆಟ್ಟು, ತಟ್ಟಿಯನ್ನು ಅದಕ್ಕೇ ಕಟ್ಟಿಕೊಳ್ಳಬಹುದು.

ಪಂಚಾಯಿತಿ ಮಾಡಬೇಕಾದದ್ದು ದೊಡ್ಡದೇನಲ್ಲ. ಕೆರೆಯ ಜಾಲಿ ಕಡಿಸುವಾಗ ನೆಟ್ಟಗಿರುವ ಬೊಡ್ಡೆಗಳನ್ನು ಬೇರೆ ತೆಗೆದಿಟ್ಟು, ಬಚ್ಚಲಿಲ್ಲದ ಮನೆಗಳಿಗೆ ಮೊದಲು ಹಂಚಲಿ. ಒಂದು ಮರೆಗೆ ನಾಲ್ಕು ಕಂಬ. ಗಂಡಸರಿಲ್ಲದ ಮನೆಗೆ ಕುಣಿ ತೋಡಿಸುವ ಕೂಲಿಯನ್ನೂ ಪಂಚಾಯಿತಿಯೇ ಕೊಡಲಿ.