ಓಡುವ ಗಾಲಿಗೂ ನೆಲದ ನಂಟು ಬೇಕು

ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಕೆಲಸಕ್ಕೆ ಬರುವ ಪ್ರತಿ ಹುಡುಗಿಯೂ ಬಾಗಿಲಲ್ಲೇ ಒಂದು ಪರೀಕ್ಷೆ ಕೊಡಬೇಕು. ಲೋಹದ ತಗಡಿನ ಮೇಲೆ ಪಾದ ಇಟ್ಟು ಗುಂಡಿಯ ಮೇಲೆ ಬೆರಳು ಒತ್ತಬೇಕು. ಹಸಿರು ದೀಪ ಬಂದರೆ ಒಳಗೆ, ಕೆಂಪು ಬಂದರೆ ವಾಪಸ್. ಹಿಮ್ಮಡಿಗೊಂದು ಪಟ್ಟಿ, ಮಣಿಕಟ್ಟಿಗೊಂದು ಪಟ್ಟಿ, ಮೈಮೇಲೆ ಕಾರ್ಬನ್ ಎಳೆ ಸೇರಿಸಿ ನೇಯ್ದ ಕೋಟು. ಇರಲಿ, ಇದು ಇರಲೇಬೇಕಾದ ಶಿಸ್ತು. ಆದರೆ ಪಕ್ಕದ ಅಗಲದ ಬಾಗಿಲಿನಿಂದ ರಾಶಿ ಬೋರ್ಡು ಹೊತ್ತ ಟ್ರಾಲಿ ಒಳಗೆ ಹೋಗುತ್ತದಲ್ಲ, ಅದನ್ನು ಎಷ್ಟು ಕಡೆ ತಡೆದು ನಿಲ್ಲಿಸುತ್ತಾರೆ? ಮನುಷ್ಯರ ಮೈಯನ್ನು ದಿನಾ ಅಳೆಯುವ ನಾವು ಓಡಾಡುವ ಉಪಕರಣಗಳನ್ನು ಅಳೆಯದೆ ಬಿಡುತ್ತಿದ್ದೇವೆ. ಈ ವಾರ ನನಗೆ ಹೇಳಬೇಕಾಗಿರುವುದು ಇದನ್ನೇ.

ಇದು ಇಂಜಿನಿಯರುಗಳ ಒಳಗಿನ ಮಾತು, ನಮಗೇಕೆ ಅನ್ನಬೇಡಿ. 1954ರಲ್ಲಿ ಬಿಇಎಲ್ ಶುರುವಾದ, 1970ರ ದಶಕದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಜೋಡಿಸಿದ, 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟ ನಾಡು ಇದು. ಈಗ ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಫೋನುಗಳು ತಯಾರಾಗುತ್ತಿವೆ. ಮೈಸೂರಿನಲ್ಲಿ ಬೋರ್ಡುಗಳ ಜೋಡಣೆ ದೊಡ್ಡ ಉದ್ಯಮವಾಗಿದೆ. 2020ರ ಕೋವಿಡ್ ದಿನಗಳಲ್ಲಿ ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ ಬಿಇಎಲ್ ಸಾವಿರಗಟ್ಟಲೆ ವೆಂಟಿಲೇಟರ್ ತಯಾರಿಸಿ ಕೊಟ್ಟಿತು. ನಮ್ಮ ಕೈಯಿಂದ ಹೊರಟ ಬೋರ್ಡು ಯಾರದೋ ಉಸಿರಿಗೆ, ಯಾರದೋ ಬ್ರೇಕಿಗೆ ಆಧಾರವಾಗಿರುತ್ತದೆ. ಅದು ತಯಾರಾಗುವ ನೆಲದ ಮೇಲೆ ಏನು ನಡೆಯುತ್ತದೆಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಬಾಗಿಲಲ್ಲಿನ ಆ ಪರೀಕ್ಷೆ ಸ್ಥಿರ ವಿದ್ಯುತ್ತಿಗಾಗಿ. ಅದು ಎಲ್ಲರಿಗೂ ಗೊತ್ತಿರುವುದೇ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಿಟಚಿಟ ಸದ್ದು, ಕಾರಿನ ಬಾಗಿಲು ಮುಟ್ಟಿದಾಗ ಬೆರಳಿಗೆ ಚುರುಕ್. ಎರಡು ವಸ್ತು ಒಂದಕ್ಕೊಂದು ತಾಗಿ ಬೇರೆಯಾದರೆ ಒಂದರ ಮೇಲೆ ಎಲೆಕ್ಟ್ರಾನು ಹೆಚ್ಚುತ್ತದೆ, ಇನ್ನೊಂದರಲ್ಲಿ ಕಡಿಮೆಯಾಗುತ್ತದೆ. ಆ ಚುರುಕು ನಮಗೆ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಇರಬೇಕು. ಚಿಪ್ಪುಗಳ ಲೆಕ್ಕವೇ ಬೇರೆ. ಕಾರ್ಖಾನೆಗಳು ಪಾಲಿಸುವ ಎಎನ್‌ಎಸ್‌ಐ/ಇಎಸ್‌ಡಿ ಎಸ್20.20 ಮಾನದಂಡ, 100 ವೋಲ್ಟ್ ತಡೆದುಕೊಳ್ಳಬಲ್ಲ ಭಾಗಗಳನ್ನು ಕಾಪಾಡುವುದು ಹೇಗೆ ಎಂಬಲ್ಲಿಂದ ಶುರುವಾಗುತ್ತದೆ. ಅಂದರೆ ಚಿಪ್ಪು ಸಾಯುವ ಹೊತ್ತಿಗೆ ಅದನ್ನು ಹಿಡಿದ ಕೈಗೆ ಏನೂ ಗೊತ್ತಾಗುವುದಿಲ್ಲ. ಸದ್ದಿಲ್ಲ, ಕಿಡಿಯಿಲ್ಲ, ವಾಸನೆಯಿಲ್ಲ.

ಸತ್ತರೂ ಪರವಾಗಿಲ್ಲ, ಟೆಸ್ಟಿಂಗ್‌ನಲ್ಲಿ ಸಿಕ್ಕಿಬೀಳುತ್ತದೆ. ಅರೆಪೆಟ್ಟಾದ ಚಿಪ್ಪಿನದೇ ದೊಡ್ಡ ತಲೆನೋವು. ಟ್ರಾನ್ಸಿಸ್ಟರಿನೊಳಗೆ ಗೇಟ್ ಆಕ್ಸೈಡ್ ಎಂಬ ಪದರವಿದೆ, ದಪ್ಪ ಕೆಲವೇ ನ್ಯಾನೊಮೀಟರ್. ಒಂದು ನ್ಯಾನೊಮೀಟರಿಗೆ ಹೆಚ್ಚುಕಡಿಮೆ ಒಂದು ವೋಲ್ಟ್ ಬಿದ್ದರೆ ಆ ಪದರ ಹರಿಯುತ್ತದೆ. ಅದಕ್ಕೆಂದೇ ಚಿಪ್ಪಿನ ಅಂಚಿನಲ್ಲಿ ರಕ್ಷಣೆಯ ಸರ್ಕ್ಯೂಟು ಇಟ್ಟಿರುತ್ತಾರೆ. ಅದನ್ನೂ ದಾಟಿ ಪೆಟ್ಟು ಬಿದ್ದು ಪದರ ಅರ್ಧ ಹರಿದರೆ, ಚಿಪ್ಪು ಅಂದಿನ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಪೆಟ್ಟಿಗೆ ಸೇರುತ್ತದೆ, ಅಂಗಡಿಗೆ ಹೋಗುತ್ತದೆ, ಗ್ರಾಹಕರ ಮನೆಯಲ್ಲಿ ಕೆಲವು ತಿಂಗಳ ಮೇಲೆ ಕೈಕೊಡುತ್ತದೆ. ಸರ್ವಿಸ್ ಸೆಂಟರಿನಲ್ಲಿ ‘ಬೋರ್ಡು ಹೋಗಿದೆ, ಬದಲಾಯಿಸಬೇಕು’ ಅನ್ನುತ್ತಾರೆ. ಯಾಕೆ ಹೋಯಿತು ಎಂದು ಅಲ್ಲಿ ಯಾರೂ ಹೇಳಲಾರರು.

ಟ್ರಾಲಿಗೆ ಬರೋಣ. ಕಬ್ಬಿಣದ ಚೌಕಟ್ಟು, ನಾಲ್ಕು ಗಾಲಿ. ಗಾಲಿ ನೈಲಾನ್‌ನದೋ ಪಾಲಿಯುರೆಥೇನ್‌ನದೋ ಆದರೆ ಅದು ವಿದ್ಯುತ್ ಹರಿಸುವುದಿಲ್ಲ. ತಳ್ಳಿದಂತೆಲ್ಲ ಗಾಲಿ ನೆಲಕ್ಕೆ ತಾಗುತ್ತದೆ, ಬಿಡುತ್ತದೆ. ಚಾರ್ಜು ಹುಟ್ಟುವುದಕ್ಕೆ ಇಷ್ಟು ಸಾಕು. ಹುಟ್ಟಿದ್ದು ನೆಲಕ್ಕೆ ಇಳಿಯಲು ದಾರಿಯಿಲ್ಲದೆ ಚೌಕಟ್ಟಿನಲ್ಲೇ ಕೂರುತ್ತದೆ. ಟ್ರಾಲಿಯ ಮೇಲಿನ ಬೋರ್ಡುಗಳೂ ಅದೇ ಮಟ್ಟಕ್ಕೆ ಏರುತ್ತವೆ. ಆಗ ಲೈನ್ ತುದಿಯಲ್ಲಿ ಕೂತ ಹುಡುಗಿ ಕೈಗೆ ಪಟ್ಟಿ ಕಟ್ಟಿಕೊಂಡು, ಅರ್ಥಿಂಗ್ ಆದ ಮ್ಯಾಟಿನ ಮುಂದೆ, ಎಲ್ಲ ನಿಯಮ ಪಾಲಿಸಿ ಟ್ರಾಲಿಯಿಂದ ಬೋರ್ಡು ಎತ್ತಿಕೊಳ್ಳುತ್ತಾಳೆ. ಅವಳ ಬೆರಳು ಬೋರ್ಡಿನ ಲೋಹಕ್ಕೆ ತಾಗಿದ ಗಳಿಗೆಯಲ್ಲೇ ಚಾರ್ಜು ಅವಳ ಮೂಲಕ ಹರಿದುಹೋಗುತ್ತದೆ. ಬೋರ್ಡು ಒಂದು ಬಿಡಿ ಚಿಪ್ಪಿಗಿಂತ ಹೆಚ್ಚು ಚಾರ್ಜು ಹಿಡಿಯಬಲ್ಲದು, ಆದ್ದರಿಂದ ಪೆಟ್ಟೂ ಜೋರು. ಅದೇ ಬೋರ್ಡು ನೇರವಾಗಿ ಯಂತ್ರದ ಲೋಹದ ಹಳಿಗೆ ತಾಗಿದರೆ ಇನ್ನೂ ಕೆಟ್ಟದ್ದು, ನ್ಯಾನೊಸೆಕೆಂಡುಗಳಲ್ಲಿ ಮುಗಿದುಹೋಗುವ ಹೊಡೆತ.

ಆಮೇಲೆ ಆ ಬೋರ್ಡು ಫೇಲ್ ಆದರೆ ಸೂಪರ್‌ವೈಸರ್ ಮೊದಲು ಕೇಳುವುದೇನು? ‘ಸ್ಟ್ರ್ಯಾಪ್ ಹಾಕಿದ್ದೆಯಾ?’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ನಮ್ಮ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. ತಪ್ಪು ಗಾಲಿಯದು, ಮೆಮೊ ಹುಡುಗಿಗೆ. ದಿನವಿಡೀ ಒಂದೇ ಕಡೆ ಕೂತು ಕೈಗೆ ತಂತಿ ಕಟ್ಟಿಕೊಂಡು ದುಡಿಯುವವರ ಮೇಲೆ ಅಳತೆಯಿಲ್ಲದ ಅನುಮಾನ ಹೊರಿಸುವುದು ಅನ್ಯಾಯ. ಆ ಅನ್ಯಾಯ ತಪ್ಪಿಸುವ ಮೀಟರು ಇದೆ, ತೆಗೆದು ಬಳಸುವ ಮನಸ್ಸು ಬೇಕು.

ಅಳೆಯುವುದು ಹೇಗೆ ಎಂದು ಹತ್ತಿರದಿಂದ ನೋಡಿದರೆ ಸಮಸ್ಯೆ ಎಲ್ಲಿದೆಯೆಂದು ಕಣ್ಣಿಗೇ ಬೀಳುತ್ತದೆ. ಎರಡೂಕಾಲು ಕಿಲೊ ತೂಕದ ಒಂದು ಗುಂಡನೆ ಎಲೆಕ್ಟ್ರೋಡನ್ನು ಟ್ರಾಲಿಯ ತಟ್ಟೆಯ ಮೇಲಿಟ್ಟು, ಇನ್ನೊಂದು ತಂತಿಯನ್ನು ಅರ್ಥಿಂಗ್ ಬಿಂದುವಿಗೆ ಕಚ್ಚಿಸಿ, ಮೀಟರು 100 ವೋಲ್ಟ್ ಹಾಯಿಸುತ್ತದೆ. ಮಾನದಂಡದ ಪ್ರಕಾರ ತಡೆ ನೂರು ಕೋಟಿ ಓಮ್‌ಗಿಂತ ಕಡಿಮೆ ಇರಬೇಕು. ದೊಡ್ಡ ಸಂಖ್ಯೆ ಅನಿಸಬಹುದು, ಆದರೆ ಸ್ಥಿರ ವಿದ್ಯುತ್ತಿಗೆ ನಿಧಾನವಾಗಿ ಇಳಿಯುವ ದಾರಿಯಷ್ಟೇ ಬೇಕು. ಟ್ರಾಲಿ ನಿಂತಲ್ಲಿ ರೀಡಿಂಗ್ ಸರಿಯಾಗೇ ಬರುತ್ತದೆ. ಒಂದಡಿ ಮುಂದೆ ತಳ್ಳಿದರೆ ಮೀಟರು ಅಳತೆ ಮೀರಿತು ಅನ್ನುತ್ತದೆ. ಬಗ್ಗಿ ನೋಡಿದರೆ ಗಾಲಿಯ ಅಚ್ಚಿಗೆ ತಲೆಗೂದಲು, ದಾರ, ಟೇಪಿನ ಚೂರು ಸುತ್ತಿಕೊಂಡಿರುತ್ತದೆ. ಗಾಲಿಯ ಮೈಗೆ ಮೇಣ ಬೆರೆತ ಧೂಳು ಮೆತ್ತಿರುತ್ತದೆ. ಗಾಲಿ ತಿರುಗಿದಾಗ ಕೊಳೆಯಿದ್ದ ಭಾಗ ನೆಲಕ್ಕೆ ಬಂತು, ದಾರಿ ಕಡಿಯಿತು. ಮೇಲಿನ ತಟ್ಟೆಗಳ ಕಥೆ ಬೇರೆಯೇ. ಪೌಡರ್ ಕೋಟಿಂಗ್ ಮಾಡಿದ ಕಂಬಕ್ಕೆ ತಟ್ಟೆ ಸಿಕ್ಕಿಸಿದರೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ, ನಡುವೆ ಬಣ್ಣವಿರುತ್ತದೆ. ಗಾಲಿ ಎಷ್ಟು ಒಳ್ಳೆಯದಿದ್ದರೇನು, ಮೇಲಿನ ತಟ್ಟೆಗೆ ಅದರ ಸಂಬಂಧವೇ ಇಲ್ಲ.

ಇದಕ್ಕೆ ಅನೇಕರು ಹುಡುಕಿಕೊಂಡ ಉಪಾಯ ಸರಪಳಿ. ಪೆಟ್ರೋಲ್ ಟ್ಯಾಂಕರಿನ ಹಿಂದೆ ನೇತಾಡುವಂಥದ್ದೇ, ಚಿಕ್ಕದು. ಸರಪಳಿಯ ಎರಡು ಮೂರು ಕೊಂಡಿ ನೆಲಕ್ಕೆ ತಾಗುತ್ತವೆ, ಓಡುವಾಗ ಕುಣಿಯುತ್ತವೆ, ತುಕ್ಕು ಹಿಡಿಯುತ್ತವೆ. ನೆಲ ಸಾಮಾನ್ಯ ಎಪಾಕ್ಸಿಯದಾದರೆ ಅದು ತಾಗಿಯೂ ಪ್ರಯೋಜನವಿಲ್ಲ. ಪೆಟ್ರೋಲ್ ಬಂಕಿನಲ್ಲಿ ಇಂಧನ ಇಳಿಸುವಾಗ ಬರೀ ಸರಪಳಿಯನ್ನು ನೆಚ್ಚಿಕೊಳ್ಳುವುದಿಲ್ಲ. ಮೊದಲು ಅರ್ಥಿಂಗ್ ಕ್ಲಿಪ್ ಕಚ್ಚಿಸುತ್ತಾರೆ, ಆಮೇಲೆ ಪೈಪು ಜೋಡಿಸುತ್ತಾರೆ. ಟ್ರಾಲಿಗೂ ಅದೇ ಕ್ರಮ ಸರಿ. ಕಾರ್ಬನ್ ಬೆರೆಸಿದ ವಾಹಕ ಗಾಲಿ ಕನಿಷ್ಠ ಎರಡಾದರೂ ಇರಲಿ, ಟ್ರಾಲಿ ಯಂತ್ರದ ಬಳಿ ಬಂದು ನಿಂತಾಗ ಮೊದಲು ತಂತಿಯಿಂದ ಟ್ರಾಲಿಯನ್ನೂ ಯಂತ್ರವನ್ನೂ ಒಂದು ಮಾಡಿ, ಬೋರ್ಡಿಗೆ ಕೈ ಹಾಕುವುದು ಆಮೇಲೆ. ಕಪ್ಪಗಿದ್ದ ಗಾಲಿಯೆಲ್ಲ ವಾಹಕ ಗಾಲಿಯಲ್ಲ ಎಂಬುದನ್ನು ಖರೀದಿ ವಿಭಾಗದವರು ನೆನಪಿಡಬೇಕು. ಸವೆದ ಗಾಲಿ ಬದಲಿಸುವಾಗ ಅಗ್ಗದ್ದು ತಂದು ಹಾಕಿದ ದಿನ ಹಿಂದಿನ ಶ್ರಮವೆಲ್ಲ ನೀರಿನಲ್ಲಿ ಹೋಮ.

ಗಾಲಿಗೆ ನೆಲದ ನಂಟು ಕಟ್ಟುವ ಯೋಚನೆ ಚಿಪ್ಪಿಗಿಂತ ಹಳೆಯದು. ಆಸ್ಪತ್ರೆಗಳಲ್ಲಿ ಈಥರ್, ಸೈಕ್ಲೊಪ್ರೊಪೇನ್ ಕೊಟ್ಟು ಪ್ರಜ್ಞೆ ತಪ್ಪಿಸುತ್ತಿದ್ದ ಕಾಲದಲ್ಲಿ ಒಂದು ಸಣ್ಣ ಕಿಡಿ ಸಾಕಿತ್ತು ಆಪರೇಷನ್ ಕೋಣೆಯಲ್ಲಿ ಸ್ಫೋಟವಾಗಲು. ಆಗ ವಾಹಕ ರಬ್ಬರಿನ ಗಾಲಿ, ವಾಹಕ ನೆಲ, ವೈದ್ಯರ ಕಾಲಿಗೆ ವಾಹಕ ಪಾದರಕ್ಷೆ ಕಡ್ಡಾಯ ಮಾಡಿದರು. ಅಲ್ಲಿ ಜೀವ ಹೋಗುತ್ತಿತ್ತು, ಹಾಗಾಗಿ ಯಾರೂ ಉಪೇಕ್ಷೆ ಮಾಡಲಿಲ್ಲ. ಕಾರ್ಖಾನೆಯಲ್ಲಿ ಹೋಗುವುದು ಕಣ್ಣಿಗೆ ಕಾಣದ ಪದರ, ಅದಕ್ಕೇ ಈ ಉದಾಸೀನ.

ಟ್ರಾಲಿಗಿಂತ ಸೂಕ್ಷ್ಮವಾದದ್ದು ಯಂತ್ರದೊಳಗಿನ ಚಲನೆ. ಬೋರ್ಡಿನ ಮೇಲೆ ಚಿಪ್ಪು ಕೂರಿಸುವ ಯಂತ್ರದ ತಲೆ, ರೋಬೋಟಿನ ತೋಳು, ಕನ್ವೇಯರಿನ ಉರುಳೆ, ಇವೆಲ್ಲ ಬೇರಿಂಗಿನ ಮೇಲೆ ತಿರುಗುತ್ತವೆ. ನಿಂತಾಗ ಬೇರಿಂಗಿನ ಗುಂಡು ಲೋಹಕ್ಕೆ ತಾಗಿಕೊಂಡಿರುತ್ತದೆ, ಓಮ್ ಮೀಟರು ‘ಎಲ್ಲ ಸರಿ’ ಅನ್ನುತ್ತದೆ. ವೇಗ ಹಿಡಿದಾಗ ಗುಂಡು ಗ್ರೀಸಿನ ತೆಳು ಪದರದ ಮೇಲೆ ತೇಲಿಬಿಡುತ್ತದೆ, ಗ್ರೀಸು ವಿದ್ಯುತ್ ಬಿಡುವುದಿಲ್ಲ. ಯಂತ್ರದ ಹೊರಮೈ ಭೂಮಿಗೆ ಸೇರಿದೆ, ಚಿಪ್ಪು ಹಿಡಿದ ಮೂತಿ ಮಾತ್ರ ಗಾಳಿಯಲ್ಲಿ ಒಂಟಿ. ತೋಳಿನ ಜೊತೆ ಮಡಚಿ ಬಿಚ್ಚುವ ಅರ್ಥಿಂಗ್ ತಂತಿಯೂ ಹಾಗೇ. ಲಕ್ಷಗಟ್ಟಲೆ ಸಲ ಬಾಗಿದ ಮೇಲೆ ಒಳಗಿನ ಎಳೆ ಮುರಿದಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಕಾಣುತ್ತದೆ. ತೋಳು ಒಂದು ಕಡೆ ಇದ್ದಾಗ ತುದಿಗಳು ಕೂಡುತ್ತವೆ, ಇನ್ನೊಂದು ಕಡೆ ಚಾಚಿದಾಗ ಬಿಡುತ್ತವೆ. ತಿರುಗುವ ದಂಡಕ್ಕೆ ತಾಗಿಕೊಂಡೇ ಇರುವ ಕಾರ್ಬನ್ ಬ್ರಷ್, ನವಿರು ಎಳೆಗಳ ತಾಮ್ರದ ಹೆಣಿಗೆ ತಂತಿ, ವಾಹಕ ಗ್ರೀಸು, ಪರಿಹಾರಗಳು ಇವೆ. ಯಾವುದನ್ನು ಹಾಕಿದರೂ ಯಂತ್ರ ಓಡುತ್ತಿರುವಾಗ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲೇಬೇಕು. ನಮ್ಮಲ್ಲಿ ಆಡಿಟ್ ನಡೆಯುವುದು ಹೆಚ್ಚಾಗಿ ರಜೆಯ ದಿನ, ಲೈನ್ ನಿಲ್ಲಿಸಿ. ಕಾಗದದ ಮೇಲೆ ಸಹಿ ಬೀಳುತ್ತದೆ, ಯಂತ್ರ ಓಡಿದಾಗ ನಡೆಯುವುದು ಆ ಕಾಗದಕ್ಕೆ ಬರುವುದೇ ಇಲ್ಲ.

ಎಲ್ಲಕ್ಕೂ ಅರ್ಥಿಂಗೇ ಮದ್ದು ಎಂದು ನಾನು ಹೇಳುತ್ತಿಲ್ಲ. ಪ್ಲಾಸ್ಟಿಕ್ ಟ್ರೇಗೆ ತಂತಿ ಕಟ್ಟಿದರೆ ಚಾರ್ಜು ಇಳಿಯುವುದಿಲ್ಲ, ಅಲ್ಲಿ ಗಾಳಿಯನ್ನೇ ಅಯಾನುಗೊಳಿಸುವ ಫ್ಯಾನು ಬೇಕು. ದಾರಿ ತೀರಾ ಸಲೀಸಾದರೂ ಹೊಡೆತ ಜೋರಾಗುತ್ತದೆ. ಕೈಪಟ್ಟಿಯ ತಂತಿಯಲ್ಲಿ ಹತ್ತು ಲಕ್ಷ ಓಮ್‌ನ ರೆಸಿಸ್ಟರ್ ಇಟ್ಟಿರುವುದಂತೂ ಹಾಕಿಕೊಂಡವರ ಜೀವ ಕಾಯಲು. ಅವರು ಅಕಸ್ಮಾತ್ 230 ವೋಲ್ಟ್ ಮುಟ್ಟಿದರೂ ಆ ತಂತಿಯಲ್ಲಿ ಕಾಲು ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಯುವುದಿಲ್ಲ. ರಗಳೆಯೆಂದು ಅದನ್ನು ಕಿತ್ತು ನೇರ ತಂತಿ ಕಟ್ಟುವುದು ಅಪರಾಧಕ್ಕೆ ಸಮ.

ಹವೆಯ ಮಾತೂ ಇದೆ. ಕಾರ್ಪೆಟ್ ಮೇಲೆ ನಡೆದಾಗ ಒಣ ಹವೆಯಲ್ಲಿ 35,000 ವೋಲ್ಟ್ ಏರಬಹುದು, ತೇವವಿದ್ದರೆ 1,500ರ ಆಸುಪಾಸು ಎಂದು ಈ ಕ್ಷೇತ್ರದ ಕೈಪಿಡಿಗಳು ಹೇಳುತ್ತವೆ. ಮಳೆಗಾಲದಲ್ಲಿ ಸುಮ್ಮನಿದ್ದ ಟ್ರಾಲಿ ಫೆಬ್ರವರಿ, ಮಾರ್ಚ್‌ನ ಒಣ ಮಧ್ಯಾಹ್ನಗಳಲ್ಲಿ ತೊಂದರೆ ಕೊಡುವುದು ಇದಕ್ಕೇ. ಜುಲೈನಲ್ಲಿ ತೆಗೆದ ರೀಡಿಂಗು ಮಾರ್ಚ್‌ಗೆ ಸಾಕ್ಷಿಯಾಗದು. ಬೇಸಿಗೆಯಲ್ಲಿ ಇನ್ನೊಂದು ಪೆಟ್ಟು, ಅರ್ಥ್ ಪಿಟ್ ಒಣಗುವುದು. ಸಣ್ಣ ಶೆಡ್ಡಿನ ಹಿಂದೆ ಪೈಪು ಹೂತು ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಆಗಾಗ ನೀರು ಹಾಕಬೇಕು. ಭಾರತೀಯ ಮಾನಕ ಐಎಸ್ 3043 ಈ ಅರ್ಥಿಂಗ್ ಬಗ್ಗೆಯೇ ಇದೆ. ಎಷ್ಟೋ ಕಡೆ ಆ ಗುಂಡಿಯ ಮೇಲೆ ಹಳೆ ಪ್ಯಾಲೆಟ್ ರಾಶಿ ಹಾಕಿರುತ್ತಾರೆ. ತುಕ್ಕು ಹಿಡಿದ ಬೋಲ್ಟು, ಒಣಗಿದ ಮಣ್ಣು, ಕೊನೆಯ ಅಳತೆ ಯಾವಾಗ ಎಂದು ಬರೆಯಬೇಕಾದ ಫಲಕ ಖಾಲಿ.

ನೆಲ ಒರೆಸುವ ದ್ರವದ ವಿಷಯ ಸಣ್ಣದೆನಿಸಿದರೂ ಹೇಳಬೇಕು. ಸ್ಥಿರ ವಿದ್ಯುತ್ತನ್ನು ಇಳಿಸುವ ದುಬಾರಿ ನೆಲ ಹಾಕಿಸಿದ ಕಂಪನಿ, ಹೌಸ್‌ಕೀಪಿಂಗ್ ಗುತ್ತಿಗೆ ಬದಲಾದಾಗ ಯಾವುದೋ ಪಾಲಿಷ್‌ನಲ್ಲಿ ಅದನ್ನು ಒರೆಸಿದರೆ ಆ ಪಾಲಿಷ್ ಪದರವೇ ಅಡ್ಡಗೋಡೆ. ನೆಲ ಫಳಫಳ, ಗಾಲಿಗೆ ಭೂಮಿಯಿಲ್ಲ. ನೆಲ ಒರೆಸುವವರಿಗೆ ಇದನ್ನು ಒಮ್ಮೆ ಕೂರಿಸಿ ಹೇಳಿದರೆ ಅವರೇ ಎಲ್ಲರಿಗಿಂತ ಚೆನ್ನಾಗಿ ಕಾಯುತ್ತಾರೆ. ಯಾರೂ ಅವರನ್ನು ತರಬೇತಿಗೆ ಕರೆಯುವುದಿಲ್ಲ ಅಷ್ಟೇ.

ನಾನು ಕೇಳುವುದು ಹೆಚ್ಚಿನದಲ್ಲ. ಪ್ರತಿ ಟ್ರಾಲಿಗೂ ಒಂದು ನಂಬರು, ಕೊನೆಯ ರೀಡಿಂಗು ಮತ್ತು ತಾರೀಖು ಬರೆದ ಬಿಲ್ಲೆ, ಅದು ತಳ್ಳುವವರಿಗೆ ಕಾಣುವ ಕಡೆ. ಬೋರ್ಡು ಫೇಲ್ ಆದರೆ ಕೆಲಸಗಾರರನ್ನು ಕರೆಯುವ ಮುಂಚೆ ಟ್ರಾಲಿಯ ಬಿಲ್ಲೆ ನೋಡುವ ಪದ್ಧತಿ. ಐಟಿಐ, ಡಿಪ್ಲೊಮಾ ಪಾಠದಲ್ಲಿ ಕೈಪಟ್ಟಿಯಷ್ಟೇ ಒತ್ತು ಗಾಲಿಗೂ ಬೇರಿಂಗಿಗೂ. ದೊಡ್ಡ ಕಂಪನಿಗಳಿಗೆ ಇದು ಲೆಕ್ಕಕ್ಕೇ ಬಾರದ ಖರ್ಚು. ಅವುಗಳಿಗೆ ಬೋರ್ಡು ಮಾಡಿಕೊಡುವ ಪೀಣ್ಯದ, ಮೈಸೂರು ಹೆಬ್ಬಾಳದ ಸಣ್ಣ ಘಟಕಗಳಿಗೆ ಒಳ್ಳೆಯ ಮೀಟರು, ಚಾರ್ಜು ಅಳೆಯುವ ಉಪಕರಣ ದುಬಾರಿಯೇ. ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘದಂಥವು ಒಂದೆರಡು ಸೆಟ್ ಕೊಂಡು, ಬಳಸಲು ಬಲ್ಲ ಒಬ್ಬ ಡಿಪ್ಲೊಮಾ ಹುಡುಗನ ಜೊತೆ ಸರದಿಯ ಮೇಲೆ ಘಟಕಗಳಿಗೆ ಕಳುಹಿಸಲಿ. ಮಾರ್ಚ್ ಬರುವ ಮುಂಚೆ ಒಂದು ಸುತ್ತು ಮುಗಿಯಲಿ. ಲೈನ್ ಓಡುತ್ತಿರುವಾಗಲೇ ಹೋಗಲಿ, ಟ್ರಾಲಿಯನ್ನು ತಳ್ಳುತ್ತಲೇ ಅಳೆಯಲಿ.